ನಡೆಯಲು ಹೊರಟ ಸಂಗಣ್ಣ

ಸಿಂದಗಿಯಲ್ಲಿ ಹೊಲಕ್ಕೆ ನಡೆಯುವವರಿದ್ದಾರೆ, ಸಂತೆಗೆ ನಡೆಯುವವರಿದ್ದಾರೆ, ಸಕ್ಕರೆ ಕಾಯಿಲೆಗೆ ಹೆದರಿ ನಡೆಯುವವರೂ ಇದ್ದಾರೆ. ಸುಮ್ಮನೆ ಖುಷಿಗೆಂದು ನಡೆಯುವವರು ಮಾತ್ರ ಯಾರೂ ಇರಲಿಲ್ಲ. ಸಂಗಣ್ಣನಿಗೆ ಆ ಆಸೆ ಹುಟ್ಟಿದ್ದೇ ಎಲ್ಲ ತಾಪತ್ರಯಕ್ಕೂ ಮೂಲವಾಯಿತು.

ಆಸೆ ಹುಟ್ಟಿಸಿದವರು, ತಮಗೆ ಗೊತ್ತಿಲ್ಲದೆಯೇ, ಅವನ ಸಾವಕಾರರಾದ ಮಶಾಕಸಾಬರು. ಅವರ ಬೀಜ-ಗೊಬ್ಬರದ ಅಂಗಡಿಯಲ್ಲಿ ಸಂಗಣ್ಣ ಬಹಳ ವರ್ಷಗಳಿಂದ ಕೆಲಸಕ್ಕಿದ್ದ. ಮಶಾಕಸಾಬರು ಬಂಗಾರದಂಥ ಮನುಷ್ಯ. ತಾವು ಚಹಾ ಕುಡಿಯುವ ಮೊದಲು ಸಂಗಣ್ಣನಿಗೆ ಕುಡಿಸುವರು. ಅವನಿಗೆ ಸಣ್ಣ ನೆಗಡಿಯಾದರೂ ತಮ್ಮ ಮನೆಯಿಂದ ಕಷಾಯ ತರಿಸುವರು. ಆದರೆ ಅವರ ಬಾಯಿ ಮಾತ್ರ ಕೆರೆಗೆ ಬಿಟ್ಟ ಕಾಲುವೆಯಂತೆ ಬೆಳಗಿನಿಂದ ಸಂಜೆಯವರೆಗೆ ಹರಿಯುತ್ತಿತ್ತು. ಇಂಡಿಯ ಬೀಗರ ಕತೆ, ನಾಲತವಾಡದಲ್ಲಿ ಕೊಂಡ ಎತ್ತಿನ ಕತೆ, ಮುದ್ದೇಬಿಹಾಳದಲ್ಲಿ ತಪ್ಪಿದ ಬಸ್ಸಿನ ಕತೆ. ಎತ್ತು ಸತ್ತು ಎಷ್ಟೋ ಕಾಲವಾಗಿತ್ತು, ಕತೆ ಮಾತ್ರ ದಿನಾ ಹೊಸ ಹುಲ್ಲು ತಿಂದು ಕೊಬ್ಬುತ್ತಿತ್ತು. ಅದನ್ನೆಲ್ಲ ಕೇಳುವ ಕಿವಿ ಸಂಗಣ್ಣನದು.

ಹೀಗಿರುವಾಗ ಅವನ ಫೋನಿನಲ್ಲಿ ಒಂದು ದಿನ ಕಡಲು ಬಂತು. ಗೋಕರ್ಣದಿಂದ ಕುಮಟೆಯವರೆಗೆ ದಂಡೆಗುಂಟ, ಅಲ್ಲಿಂದ ಒಳನಾಡಿಗೆ ತಿರುಗಿ ಯಾಣದ ಕಾಡಿನ ದಾರಿಯಲ್ಲಿ, ನಾಲ್ಕು ದಿನದ ಕಾಲ್ನಡಿಗೆ. ಬೆನ್ನಿಗೆ ಚೀಲ ಹಾಕಿಕೊಂಡ ಜನ ಇರುವೆ ಸಾಲಿನಂತೆ ಹೋಗುತ್ತಿದ್ದರು. ಕೆಳಗೆ ಬರೆದಿತ್ತು: 'ನಡೆಯುವಾಗ ಮೌನ.' ಸಂಗಣ್ಣ ಆ ಎರಡು ಪದಗಳನ್ನು ಮತ್ತೆ ಮತ್ತೆ ಓದಿದ. ಅವನ ಕಣ್ಣು ತೇವವಾದವು.

ಸಾವಕಾರರಿಗೆ "ಧಾರವಾಡದಾಗ ಸ್ವಲ್ಪ ಕೆಲ್ಸ ಐತ್ರಿ" ಎಂದು ಹೇಳಿ ರಜೆ ಪಡೆದ. ನಡಿಗೆಯನ್ನು ನಡೆಸುವವನು ಧಾರವಾಡದ ಚೇತನಕುಮಾರ ಎಂಬ ಹುಡುಗ. ಅವನು ಫೋನಿನಲ್ಲಿ ಒಂದೇ ಕಟ್ಟಳೆ ಹಾಕಿದ: "ಸರ್, ನೀವು ಹೊಸಬ್ರು. ಈ ರವಿವಾರ ಭಾರದ ಚೀಲ ಹೊತ್ಕೊಂಡು ಒಂದ್ ದಿನ ನಡೀರಿ. ನಡದ ದಾರಿ ಫೋನಿನ ನಕಾಶ್ಯಾದಾಗ ಗೆರಿ ಆಗಿ ಮೂಡ್ತೈತಿ. ಸಂಜಿ ಒಳಗ ಅದನ್ನ ಕಳಸ್ರಿ. ಇಲ್ಲಂದ್ರ ನಿಮ್ಮ ಜಾಗಾ ಬ್ಯಾರೇದವರಿಗೆ ಕೊಡಬೇಕಾಗ್ತೈತಿ. ಮತ್ತ ನಡಿಯೂದಂದ್ರ ನಡಿಯೂದ ಮತ್ತ, ಗಾಡಿ ಹತ್ತಿದ್ರ ಗೆರಿ ನೋಡಿದ್ರ ಗೊತ್ತಾಗ್ತೈತಿ."

ರವಿವಾರ ಬೆಳಗ್ಗೆ ಸಂಗಣ್ಣ ಹೊಸ ಬೂಟು ಹಾಕಿದ. ಹೆಂಡತಿ ಸುಜಾತಾ ಭಾರಕ್ಕೆಂದು ಚೀಲದೊಳಗೆ ತೊಗರಿಬೇಳೆ ತುಂಬಿದಳು.

"ಕಿರಾಣಿ ಅಂಗಡಿಗೆ ಹೋಗ್ರಿ ಅಂದ್ರ ಬೈಕಿನ ಕೀಲಿ ಹುಡುಕ್ತೀರಿ. ಈಗ ನೋಡ್ರಿ, ಬ್ಯಾಳಿ ಹೊತ್ಕೊಂಡು ಊರ ಸುತ್ತಾಕ ಹೊಂಟೀರಿ," ಎಂದಳು. ಆದರೂ ಚೀಲದ ಬದಿಯ ಕಿಸೆಯಲ್ಲಿ ಎರಡು ಶೇಂಗಾ ಹೋಳಿಗೆ ಇಟ್ಟಳು.

ಸಂಗಣ್ಣ ಕನ್ನೊಳ್ಳಿಯ ದಾರಿ ಹಿಡಿದ. ಎರಡೂ ಬದಿಗೆ ಬಿಳಿಜೋಳ ಎದೆಯೆತ್ತರ ನಿಂತಿತ್ತು. ತಣ್ಣನೆ ಗಾಳಿ. ಯಾರ ಕತೆಯೂ ಇಲ್ಲ. ಆಹಾ ಎನ್ನುವಷ್ಟರಲ್ಲಿ ಹಿಂದೆ ಬೈಕು ನಿಂತಿತು. ಓಣಿಯ ಮುಕ್ತಾರ.

"ಕಾಕಾರ! ಬೈಕ್ ಕೆಟ್ಟೈತೇನ್ರಿ?"

"ಇಲ್ಲೋ, ಸುಮ್ನ ನಡ್ಯಾಕತ್ತೇನಿ."

ಮುಕ್ತಾರ ಚೀಲ ನೋಡಿದ, ಹೊಸ ಬೂಟು ನೋಡಿದ, ಸಂಗಣ್ಣನ ಮುಖ ನೋಡಿದ. ಅವನ ದನಿ ಮೆತ್ತಗಾಯಿತು.

"ಕಾಕಿ ಜೋಡಿ ಜಗಳ ಆಗೇತಿ, ಹೌದಲ್ರಿ?"

"ಎಲ್ಲಿ ಜಗಳ ಮಾರಾಯಾ!"

"ಆಗ್ತೈತ್ರಿ ಕಾಕಾರ. ನಂದೂ ಹ್ವಾದ ವಾರ ಆಗಿತ್ತು. ಮನಿ ಬಿಡೂ ಮಟ್ಟಕ್ಕ ಹೋಗಬಾರ್ದು. ಹತ್ರಿ ಮೊದಲ."

ಚೀಲ ಆಗಲೇ ಬೈಕಿನ ಪೆಟ್ರೋಲ್ ಟಾಕಿಯ ಮೇಲಿತ್ತು. ಚೀಲ ಹೋದ ಕಡೆ ಸಂಗಣ್ಣ ಹೋಗಲೇಬೇಕು. ಹತ್ತು ಮಾತಿಗೊಮ್ಮೆ ಬುದ್ಧಿ ಹೇಳುತ್ತ ಮುಕ್ತಾರ ಅವನನ್ನು ಮನೆ ಬಾಗಿಲಿಗೆ ತಂದು ಇಳಿಸಿದ. "ಕಾಕೀ, ಹೊಟ್ಟ್ಯಾಗ ಹಾಕ್ಕೋರಿ, ಮನಸ್ಸಿನಿಂದ ಒಳ್ಳೇವರು ಅದಾರ," ಎಂದು ಕೈಮುಗಿದು ಹೋದ. ಸುಜಾತಾ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು.

ಗೆರೆ ಅಳಿಸಿ ಸಂಗಣ್ಣ ಮತ್ತೆ ಹೊರಟ. ಈ ಸಲ ಯಾರಾದರೂ ಬಂದರೆ ನೋಡದವನಂತೆ ಇರಬೇಕೆಂದು ತಲೆ ತಗ್ಗಿಸಿ ನಡೆದ. ತಲೆ ತಗ್ಗಿಸಿ ನಡೆಯುವವನನ್ನು ಕಂಡರೆ ಜನಕ್ಕೆ ಇನ್ನೂ ಕನಿಕರ. ಮದುವೆಗೆ ಹೊರಟ ಹೆಂಗಸರಿಂದ ತುಂಬಿದ ಟಂಟಂ ರಿಕ್ಷಾ ಅವನ ಪಕ್ಕದಲ್ಲೇ ನಿಂತಿತು.

"ಪಾಪ, ಬಸ್ಸು ತಪ್ಪೇತಿ ನೋಡ್ರಿ ಇವರಿಗೆ. ಸರೀರಿ ಎಲ್ಲಾರೂ, ಸರೀರಿ!"

"ಬ್ಯಾಡ್ರಿ ತಾಯಿ, ನಾ ನಡಕೊಂಡ…"

"ನಾಚ್ಕೋಬ್ಯಾಡ್ರಿ ಅಣ್ಣಾರ. ಹುಡುಗನ್ನ ತೊಡಿ ಮ್ಯಾಲ ಕುಂಡ್ರಿಸ್ಕೋತೀನಿ, ನೀವು ಇಲ್ಲಿ ಕೂಡ್ರಿ."

ಒಬ್ಬಳು ಅವನ ಚೀಲ ಎಳೆದಳು, ಇನ್ನೊಬ್ಬಳು ಅವನನ್ನೇ ಎಳೆದಳು. ಮಲ್ಲಿಗೆ, ರೇಷ್ಮೆ ಸೀರೆ, ಉಡುಗೊರೆಯ ಹಿತ್ತಾಳೆ ಕೊಡದ ನಡುವೆ ಸಂಗಣ್ಣ ಬೀಗರ ಊಟಕ್ಕೆ ಕರೆಯದೆ ಬಂದವನಂತೆ ಮುದುಡಿ ಕುಳಿತ. ಕನ್ನೊಳ್ಳಿಯ ಅಗಸೆ ಬಾಗಿಲ ಮುಂದೆ ಅವನನ್ನು ಇಳಿಸಿ, ಕೈಗೆ ಒಂದು ಬುಂದಿ ಉಂಡಿಯನ್ನೂ ಕೊಟ್ಟರು. ಫೋನಿನಲ್ಲಿ ಗೆರೆ ಬಿಟ್ಟ ಬಾಣದಂತೆ ನೆಟ್ಟಗೆ ಓಡಿತ್ತು. ಯಾವ ಮನುಷ್ಯನ ಕಾಲೂ ಆ ವೇಗದಲ್ಲಿ ಓಡದು.

ಬಿಸಿಲು ನೆತ್ತಿಗೇರಿತ್ತು. ಇನ್ನು ಉಳಿದದ್ದು ಒಂದೇ ದಾರಿ: ಈ ಗೆರೆಯನ್ನೂ ಅಳಿಸಿ, ಇಲ್ಲಿಂದ ಸಿಂದಗಿಗೆ ನಡೆದು ಹೋಗಿ ಆ ಗೆರೆಯನ್ನು ಕಳಿಸುವುದು. ನಡೆಯಲು ಶುರು ಮಾಡಿದ ಕೂಡಲೇ ಮತ್ತೊಂದು ಬೈಕು. ಗುರುತಿಲ್ಲದ ಮನುಷ್ಯ.

"ಹತ್ರಿ, ಸಿಂದಗಿಗೆ ಬಿಡ್ತೇನಿ."

ಸಂಗಣ್ಣನಿಗೆ ಅಳು ಬಂತು. ಬ್ಯಾಡ ಎಂದರೆ ಯಾಕೆ ಎನ್ನುತ್ತಾರೆ, ಖುಷಿಗೆ ಎಂದರೆ ತಲೆ ಕೆಟ್ಟಿದೆ ಎನ್ನುತ್ತಾರೆ. ಏನು ಹೇಳಬೇಕೋ ತಿಳಿಯದೆ ಬಾಯಿಗೆ ಬಂದದ್ದು ಹೇಳಿಬಿಟ್ಟ:

"ಹರಕಿ ಐತ್ರಿ. ನಡದ ಹೋಗಬೇಕು."

ಆ ಮನುಷ್ಯ ಗಾಡಿ ಬಂದ್ ಮಾಡಿದ. ಚಪ್ಪಲಿ ಕಳಚಿದ. ಬಗ್ಗಿ ಸಂಗಣ್ಣನ ಬೂಟು ಮುಟ್ಟಿ ಕಣ್ಣಿಗೊತ್ತಿಕೊಂಡ. "ತಪ್ಪಾತ್ರಿ. ಗೊತ್ತಿರಲಿಲ್ಲ," ಎಂದು ಗಾಡಿಯನ್ನು ಸ್ವಲ್ಪ ದೂರ ತಳ್ಳಿಕೊಂಡೇ ಹೋಗಿ, ಆಮೇಲೆ ಚಾಲೂ ಮಾಡಿದ.

ಸಂಗಣ್ಣ ನಿಂತಲ್ಲೇ ನಕ್ಕ. ಇಷ್ಟು ಸುಲಭದ ಮಂತ್ರ ಬೆಳಗ್ಗೆಯೇ ಹೊಳೆಯಬಾರದಿತ್ತೆ! ಈಗ ಟ್ರ್ಯಾಕ್ಟರು ಬಂದರೂ ಹರಕೆ, ಜೀಪು ಬಂದರೂ ಹರಕೆ. ಎಲ್ಲರೂ ಕೈಮುಗಿದು ದಾರಿ ಬಿಟ್ಟರು. ಅವನು ಸಿಳ್ಳೆ ಹಾಕುತ್ತ ನಡೆದ.

ಸಿಳ್ಳೆ ಮುಂದಿನ ಹೊಲದವರೆಗೂ ಉಳಿಯಲಿಲ್ಲ. ಬೈಕಿನವನು ದಾರಿಯುದ್ದಕ್ಕೂ ಸುದ್ದಿ ಬಿತ್ತಿಕೊಂಡು ಹೋಗಿದ್ದ. ರಸ್ತೆ ಬದಿಯಲ್ಲಿ ಕಸ್ತೂರೆವ್ವ ಎಂಬ ಮುದುಕಿ ತುಂಬಿದ ಕೊಡ ಹಿಡಿದು ಕಾದಿದ್ದಳು. ಅವನು ಬಾಯಿ ತೆರೆಯುವ ಮೊದಲೇ ಕೊಡದ ನೀರನ್ನು ಅವನ ಪಾದಕ್ಕೆ, ಅಂದರೆ ಹೊಸ ಬೂಟಿಗೆ, ಸುರಿದಳು.

"ಅಯ್ಯ ನನ್ನಪ್ಪಾ, ಹರಕಿ ದಾರ್ಯಾಗ ಬೂಟ ಹಾಕ್ಕೊಂತಾರೇನ? ತಗಿ, ತಗಿ!"

ಬೂಟು ಹೇಗೂ ಕೆರೆಯಾಗಿತ್ತು. ಸಂಗಣ್ಣ ಕಳಚಿದ. ಮುದುಕಿ ಅವನ ಕಾಲನ್ನು ತನ್ನ ಸೆರಗಿನಿಂದಲೇ ಒರೆಸಿದಳು. ಬನ್ನಿಗಿಡದ ನೆರಳಿಗೆ ಕೂರಿಸಿ ರೊಟ್ಟಿ, ಪುಂಡಿಪಲ್ಲೆ, ಕೆನೆಮೊಸರು ಬಡಿಸಿದಳು. ತನ್ನ ಪಾಲಿನ ಬುತ್ತಿಯನ್ನೇ ಬಡಿಸುತ್ತಿದ್ದಾಳೆಂದು ತಿಳಿದಾಗ ಅವನು ಅರ್ಧ ರೊಟ್ಟಿಯನ್ನು ಅವಳ ಕಡೆಗೆ ಸರಿಸಿದ.

"ಯಾ ದೇವರಿಗೆ ಹೊಂಟೀಯೋ ತಮ್ಮಾ?"

"ಗೋಕರ್ಣಕ್ಕ್ರಿ ಅವ್ವಾರ." ಅಷ್ಟಾದರೂ ನಿಜವಿರಲಿ ಎಂದುಕೊಂಡ.

"ಅಷ್ಟ ದೂರ! ಯಾರ ಸಲುವಾಗಿ ಹೊತ್ತೀ?"

ಸಂಗಣ್ಣ ತಬ್ಬಿಬ್ಬಾದ. ಹೆಂಡತಿಯ ಹೆಸರು ಹೇಳಿದರೆ ಇಲ್ಲದ ರೋಗ ಅಂಟಿಸಿದಂತೆ. ಮಕ್ಕಳ ಹೆಸರಂತೂ ನಾಲಿಗೆಯ ಮೇಲೆ ಬರಲಿಲ್ಲ. ಏನು ಹೇಳಿದರೂ ಕೆಡುಕು ತಟ್ಟದ ಮನುಷ್ಯ ಯಾರು? ಕಲ್ಲು ತಿಂದು ಕರಗಿಸುವ ಗಟ್ಟಿ ಆಸಾಮಿ ಯಾರು?

"ನಮ್ಮ ಸಾವಕಾರ್ರ ಸಲುವಾಗ್ರಿ. ಸಿಂದಗಿ ಮಶಾಕಸಾಬರು. ಅವರ ಎದಿ… ಸ್ವಲ್ಪ…"

ಮುದುಕಿಯ ಕಣ್ಣು ತುಂಬಿ ಬಂದವು. "ಹೋದ ವರ್ಷ ನಮಗ ಬೀಜ ಕೊಟ್ಟ ಪುಣ್ಯಾತ್ಮ. ಸಂಬಳಕ್ಕ ದುಡಿಯಾಂವ ಧಣಿ ಸಲುವಾಗಿ ಹರಕಿ ಹೊರೂದಂದ್ರ ಸಣ್ಣ ಮಾತೇನೋ!" ಎಂದು ಅವನ ಮುಖ ಸವರಿ ನೆಟಿಗೆ ಮುರಿದಳು. ದೇವರಿಗೆ ಒಡೆಸು ಎಂದು ಒಂದು ತೆಂಗಿನಕಾಯಿ ಕೊಟ್ಟಳು.

ನಡೆದು ಹೋಗುವವನ ಕೈಯಲ್ಲಿ ದೇವರಿಗೆಂದು ಕೊಟ್ಟದ್ದನ್ನು ಬ್ಯಾಡ ಎನ್ನುವಂತಿಲ್ಲ. ಅದು ಆ ಕಡೆಯ ಪದ್ಧತಿ. ಮುಂದಿನ ಹೊಲದವರು ಇನ್ನೊಂದು ಕಾಯಿ ಕೊಟ್ಟರು, ಚಹಾದಂಗಡಿಯವನು ಎರಡು ಕೊಟ್ಟ, ಇಟ್ಟಂಗಿ ಭಟ್ಟಿಯವರು ಎಣ್ಣೆಯ ಡಬ್ಬಿ ಕೊಟ್ಟರು. ಬೇಳೆಯ ಮೇಲೆ ಕಾಯಿ, ಕಾಯಿಯ ಮೇಲೆ ಎಣ್ಣೆ, ಕೊರಳಲ್ಲಿ ಒದ್ದೆ ಬೂಟು. ಕಾಯಿಸಿದ ಹಂಚಿನಂಥ ರಸ್ತೆಯ ಮೇಲೆ ಬರಿಗಾಲಲ್ಲಿ ಸಂಗಣ್ಣ ಕುಣಿಯುತ್ತ ಬಂದ. ನೋಡಿದವರು "ಭಕ್ತಿ ಮೈಮ್ಯಾಲ ಬಂದೈತಿ" ಎಂದರು.

ಹೊತ್ತು ಇಳಿಯುವ ಹೊತ್ತಿಗೆ ಸಿಂದಗಿ ಕಂಡಿತು. ಫೋನು ತೆಗೆದು ನೋಡಿದ. ಗೆರೆ ಅಚ್ಚುಕಟ್ಟಾಗಿ, ನಿಧಾನವಾಗಿ, ಮನುಷ್ಯನ ಕಾಲಿನ ಗೆರೆಯಾಗಿಯೇ ಮೂಡಿತ್ತು. ಕಳಿಸಿದ. ಕೂಡಲೇ ಚೇತನಕುಮಾರನ ಉತ್ತರ ಬಂತು: 'ಶಭಾಷ್ ಸರ್. ನಿಮ್ಮ ಜಾಗಾ ಪಕ್ಕಾ.'

ಕಡಲು ಸಂಗಣ್ಣನ ಕಣ್ಣ ಮುಂದೆ ತೆರೆ ತೆರೆಯಾಗಿ ಬಂತು. ಕಾಲಿನ ಬೊಬ್ಬೆಗಳೂ ತಣ್ಣಗಾದಂತೆನಿಸಿತು. ಹಾಗೆಯೇ ತನ್ನ ಓಣಿಗೆ ತಿರುಗಿದ.

ಓಣಿಯ ತುಂಬ ಜನ. ಅವನ ಮನೆಯ ಕಟ್ಟೆಯ ಮೇಲೆ, ಕುರ್ಚಿಯಲ್ಲಿ, ಮಶಾಕಸಾಬರು ಕುಳಿತಿದ್ದರು. ಪಕ್ಕದಲ್ಲಿ ಮುಕ್ತಾರ ಬೀಸಣಿಗೆ ಬೀಸುತ್ತಿದ್ದ. ಸುಜಾತಾ ನೀರಿನ ತಂಬಿಗೆ ಹಿಡಿದು ಗೊಂದಲದ ಮುಖದಿಂದ ಗಂಡನನ್ನೇ ನೋಡುತ್ತಿದ್ದಳು.

"ಬಂದೇನಪಾ," ಎಂದು ಮಶಾಕಸಾಬರು ಎದ್ದು ಅವನನ್ನು ತಬ್ಬಿಕೊಂಡರು. "ಕನ್ನೊಳ್ಳ್ಯಾವ್ರು ಒಬ್ಬೊಬ್ಬರಾಗಿ ಫೋನ್ ಮಾಡಿದ್ರು. ನನ್ನ ಎದ್ಯಾಗ ರೋಗ ಐತಿ ಅಂತ ನನಗ ಗೊತ್ತಿಲ್ಲ, ಊರಿಗೆಲ್ಲ ಗೊತ್ತೈತಿ! ಅಲ್ಲ, ದಿನಾ ನನ್ನ ಮಾರಿ ಎದುರಿಗೆ ಕೂಡಾಂವ ನೀ. ನಿನಗ ಏನೋ ಕಂಡಿರಬೇಕು ಅಂತ ದವಾಖಾನಿಗೆ ಓಡಿದ್ನಿ. ಈಸಿಜಿ ತಗಸಿದ್ನಿ."

"ಸಾವಕಾರ್ರ, ಏನಂದ್ರು?" ಸಂಗಣ್ಣನ ಎದೆಯೇ ನಿಂತಿತು.

"ಕುದುರಿ ಎದಿ ಐತಿ ಅಂದ್ರು!"

"ನೀವು ಹೊಂಟಿದ್ದಕ್ಕ ಫಲಾ ಬಂತು ನೋಡ್ರಿ ಕಾಕಾರ," ಎಂದ ಮುಕ್ತಾರ. "ಮುಂಜಾನೆ ನಾ ತಿಳೀದ ನಿಮ್ಮನ್ನ ಹಿಂದಕ ಕರಕೊಂಡು ಬಂದ್ನಿ. ತಪ್ಪಾತ್ರಿ." ಜನವೆಲ್ಲ ಹೌದು ಹೌದು ಎಂದಿತು.

ಇನ್ನು ಸುಮ್ಮನಿದ್ದರೆ ಆಗದೆಂದು ಸಂಗಣ್ಣ ಕಾಯಿಯ ಚೀಲ ಇಳಿಸಿ ಕೈಜೋಡಿಸಿದ. "ಸಾವಕಾರ್ರ, ಸುಳ್ಳು ಹೇಳೀನ್ರಿ. ಅದು ಹರಕಿ ಅಲ್ರಿ, ಏನೂ ಅಲ್ರಿ. ನಾಲ್ಕು ದಿನ ಸಮುದ್ರದ ದಂಡಿಗುಂಟ ಸುಮ್ನ ಅಡ್ಡ್ಯಾಡಿ ಬರೂಣು ಅಂತ, ಅಷ್ಟ."

ಮಶಾಕಸಾಬರು ಜನದ ಕಡೆ ತಿರುಗಿದರು. "ಕೇಳಿದ್ರೇನ? ಮಾಡಿದ ಪುಣ್ಯಾ ಬಾಯಿ ಬಿಟ್ಟು ಹೇಳಬಾರ್ದಂತ, ಹಿಂಗಂತಾನ. ನನ್ನ ಮುಂದೂ ಧಾರವಾಡದಾಗ ಕೆಲ್ಸ ಐತಿ ಅಂದಿದ್ದ. ನನಗ ಭಾರ ಆಗಬಾರ್ದಂತ! ಇಂಥಾವ್ನ ಒಬ್ನ ಕಳಸಲೇನ ನಾನು? ನಿನ್ನ ಹೆಂಡತಿ ಕಡೆ ಆ ಧಾರವಾಡದ ಹುಡುಗನ ನಂಬರ್ ಇಸ್ಕೊಂಡು ಮಾತಾಡೇನಿ. ಇನ್ನೊಂದು ಜಾಗಾ ಖಾಲಿ ಇತ್ತು. ನಾನೂ ಬರ್ತೇನಿ."

"ನೀವು… ಗೋಕರ್ಣಕ್ಕ?"

"ದೇವರು ನಿಮ್ಮಾಂವ ಇರ್ಲಿ, ನಮ್ಮಾಂವ ಇರ್ಲಿ, ಹರಕಿ ಹೊತ್ತದ್ದು ನನ್ನ ಎದಿ ಸಲುವಾಗಿ ಅಲ್ಲೇನು? ನೀ ನಡದಷ್ಟು ನಾನೂ ನಡೀತೇನಿ."

ಸಂಗಣ್ಣ ಮುಳುಗುವವನು ಹುಲ್ಲುಕಡ್ಡಿ ಹಿಡಿದಂತೆ ಕೇಳಿದ, "ಅಲ್ಲಿ ನಡಿಯುವಾಗ ಮಾತಾಡೂಹಂಗಿಲ್ರಿ ಸಾವಕಾರ್ರ. ಕಟ್ಟುನಿಟ್ಟು ಐತಿ."

"ಆ ಹುಡುಗನೂ ಅದನ್ನ ಹೇಳಿದ. 'ಎದಿ ಬ್ಯಾನಿ ಮನುಷ್ಯಾ ಅದೇನಿ, ಮನಸ್ಸಿನಾಗ ಇಟ್ಕೊಂಡ್ರ ಭಾರ ಆಗ್ತೈತಿ, ಜೋಡಿ ಒಬ್ಬ ಕೇಳಾಂವ ಬೇಕು' ಅಂದ್ನಿ. ಹೆದರಿದ ಪಾಪ. 'ಹಂಗಾರ ನೀವಿಬ್ಬರೂ ಎಲ್ಲಾರ್ಕಿಂತ ಹಿಂದ, ನಿಮ್ಮ ಪಾಡಿಗೆ ಮಾತಾಡ್ಕೊಂತ ಬರ್ರಿ' ಅಂದ. ಬಾಳ ಒಳ್ಳೆ ಹುಡುಗ."

ಸುಜಾತಾ ಗಂಡನನ್ನು ಕಟ್ಟೆಯ ಮೇಲೆ ಕೂರಿಸಿ, ತಂಬಿಗೆಯ ನೀರನ್ನು ಕಾಲಿಗೆ ಹಾಕದೆ ಅವನ ಬಾಯಿಗೇ ಹಿಡಿದಳು. ಅದರ ಅಗತ್ಯ ಅವನಿಗೆಷ್ಟಿದೆಯೆಂದು ಅವಳೊಬ್ಬಳಿಗೆ ತಿಳಿದಿತ್ತು.

ಕತ್ತಲಾಗುತ್ತಿತ್ತು. ಮುಕ್ತಾರ ಬೈಕು ಚಾಲೂ ಮಾಡಿ, "ಬರ್ರಿ ಸಾವಕಾರ್ರ, ಮನಿಗೆ ಬಿಡ್ತೇನಿ," ಎಂದ.

"ಛೇ, ಬ್ಯಾಡಪಾ," ಎಂದು ಮಶಾಕಸಾಬರು ಲುಂಗಿ ಎತ್ತಿ ಕಟ್ಟಿದರು. "ಇನ್ನ ಮ್ಯಾಲ ಗಾಡಿ ಬಂದ್. ಹೋಗೂ ತನಕ ದಿನಾ ಎರಡೂ ಹೊತ್ತು ನಡದು ರೂಢಿ ಮಾಡ್ಕೋತೇನಿ. ಏಳೋ ಸಂಗಣ್ಣ, ಮನಿ ತನಕ ಬಾ. ನಾಲತವಾಡದ ಎತ್ತಿನ ಸುದ್ದಿ ಒಂದೀಟು ಹೇಳೂದು ಉಳದೈತಿ."

ಸಂಗಣ್ಣ ಬೊಬ್ಬೆ ಬಂದ ಕಾಲೂರಿ ಎದ್ದ. ಓಣಿಯವರು ಕೈಮುಗಿದು ದಾರಿ ಬಿಟ್ಟರು.