ತಿಗಣೆಗೆ ಐದು ಸ್ಟಾರ್

ಇಂಥವು ನಡೆಯಲಿ ಎಂದು ನಾನು ಕಾದು ಕೂತವನಲ್ಲ. ತೆಲುಗು ನಾಡಿನ ಉಪ್ಪಲ್‌ನಲ್ಲಿ ನನ್ನ ಬಾಡಿಗೆ ಮನೆಯ ಕೆಳಗೇ ಅಕ್ಕನ ಪೆಸ್ಟ್ ಕಂಟ್ರೋಲ್ ಅಂಗಡಿ ಇತ್ತು. ಸಂಜೆ ಆಫೀಸಿನಿಂದ ಬಂದು ಮೆಟ್ಟಿಲು ಹತ್ತುವಷ್ಟರಲ್ಲಿ ಒಂದಲ್ಲ ಒಂದು ನಡೆದೇ ಇರುತ್ತಿತ್ತು.

ಬೀದಿಯವರೆಲ್ಲ ಅಕ್ಕ ಎಂದೇ ಕರೆಯುತ್ತಿದ್ದ ಅವರು ರಾಯಚೂರಿನವರು. ತಿಗಣೆ, ಜಿರಳೆ, ಗೆದ್ದಲು ಮೂರಕ್ಕೂ ಔಷಧಿ ಹೊಡೆಸುತ್ತಿದ್ದರು. ಬೋರ್ಡಿನ ಮೇಲೆ ‘ಆರು ತಿಂಗಳ ಗ್ಯಾರಂಟಿ, ಎರಡನೇ ಸಲ ಪುಕ್ಕಟೆ’ ಎಂದು ತೆಲುಗಿನಲ್ಲಿ ಬರೆಸಿದ್ದರು. ಸುತ್ತ ಐಟಿ ಕಂಪನಿಗಳು ಎದ್ದು, ಜನ ಫೋನಿನ ಆ್ಯಪಿನಲ್ಲಿ ಸ್ಟಾರ್ ನೋಡಿಯೇ ಕೆಲಸದವರನ್ನು ಕರೆಯುತ್ತಿದ್ದ ಕಾಲ. ಪಕ್ಕದ ರಸ್ತೆಯ ದೊಡ್ಡ ಅಪಾರ್ಟ್‌ಮೆಂಟಿನ ಕಾರ್ಯದರ್ಶಿ ಹೇಳಿ ಕಳಿಸಿದ್ದರು: ವರ್ಷದ ಗುತ್ತಿಗೆ ಬೇಕಿದ್ದರೆ ನಿವಾಸಿಗಳ ಸಭೆಯ ಹೊತ್ತಿಗೆ ಆನ್‌ಲೈನ್‌ನಲ್ಲಿ ಐವತ್ತು ರಿವ್ಯೂ ಇರಬೇಕು.

“ಇದೂ ಆ್ಯಪಿನವ್ರಿಗೆ ಹೋತಂದ್ರ ನಾ ಅಂಗಡಿ ಬಾಗಲಾ ಹಾಕ್ಕೊಂಡು ಊರಿಗೆ ಹೋಗೂದ ಸರ,” ಅಂದರು ಅಕ್ಕ. “ನೀವು ಕಂಪ್ಯೂಟರ್‌ದವ್ರು. ಏನರೆ ಮಾಡ್ರಿ.”

ಸಾಫ್ಟ್‌ವೇರ್‌ನವನಿಗೆ ಫ್ಯಾನ್ ರಿಪೇರಿಯೂ ಬರುತ್ತದೆ ಎಂದು ನಂಬುವ ಊರು. ಅಂಗಡಿಯನ್ನು ಆನ್‌ಲೈನ್ ನಕ್ಷೆಗೆ ಸೇರಿಸಿಕೊಟ್ಟೆ. ಉಪಯೋಗವಾದೀತೆಂಬ ನಂಬಿಕೆ ನನಗೇನೂ ಇರಲಿಲ್ಲ.

ಮೊದಲ ರಿವ್ಯೂ

ಒಂದು ಸ್ಟಾರ್. ‘ಬಿರಿಯಾನಿಯಲ್ಲಿ ಮೊಟ್ಟೆ ಇರಲಿಲ್ಲ.’

ಪಕ್ಕದ ಹೋಟೆಲಿಗೆ ಹೋಗಬೇಕಿದ್ದದ್ದು ದಾರಿ ತಪ್ಪಿ ಇಲ್ಲಿ ಬಿದ್ದಿತ್ತು. ಎಲ್ಲ ರಿವ್ಯೂಗೂ ವಿನಯದಿಂದ ಉತ್ತರಿಸಬೇಕು ಎಂದು ಅಕ್ಕನಿಗೆ ಹೇಳಿಕೊಟ್ಟವನು ನಾನೇ. ನಾನು ಮನೆಗೆ ಬರುವಷ್ಟರಲ್ಲಿ ಅವರು ಉತ್ತರಿಸಿ ಆಗಿತ್ತು: ‘ತಪ್ಪಾಯಿತು ಸರ್. ಮುಂದಿನ ಸಲ ಮರೆಯದೆ ಹಾಕುತ್ತೇವೆ.’

ಜಿರಳೆ ಔಷಧಿಯ ಅಂಗಡಿಯಿಂದ ಬಂದ ಈ ಭರವಸೆಯನ್ನು ಓದಿದ ಮೇಲೆ ಆ ಮನುಷ್ಯ ಮತ್ತೆ ಮಾತಾಡಲಿಲ್ಲ.

ಗುರುತು

ಅಕ್ಕನ ಕೆಲಸ ಚೆನ್ನಾಗಿತ್ತು. ತೊಂದರೆ ಅಲ್ಲಿರಲಿಲ್ಲ. ಹೇಳಿಕೊಳ್ಳುವವರಿರಲಿಲ್ಲ. “ಹಿಂದಿನ ಗೇಟಿನಿಂದ ಬನ್ನಿ, ಪಂಪು ಚೀಲದಲ್ಲಿ ಮುಚ್ಚಿ ತನ್ನಿ,” ಎಂದು ಪಿಸುಗುಡುವವರೇ ಎಲ್ಲ.

ಬಾಲಾನಗರದ ಕಾರ್ಖಾನೆಯೊಂದರಲ್ಲಿದ್ದ ಹುಬ್ಬಳ್ಳಿಯ ಗಿರಾಕಿಯೊಬ್ಬರ ಹೆಂಡತಿಯನ್ನು ರಿವ್ಯೂ ಬರೆಯಿರೆಂದು ನಾನೇ ಕೇಳಿದೆ. ಆಕೆ ಬಾಗಿಲು ಅರ್ಧ ಮುಚ್ಚಿದರು. “ನಮ್ಮ ಮನ್ಯಾಗ ತಗಣಿ ಇದ್ವು ಅಂತ ನಾವ ಡಂಗುರಾ ಸಾರೂದೇನ್ರಿ? ಮಗಳಿಗೆ ಗಂಡು ನೋಡಾಕತ್ತೀವಿ.”

“ಬೇರೆ ಹೆಸರಲ್ಲಿ ಬರೆಯಿರಿ.”

“ಯಾರ ಹೆಸರಿಲೆ? ಬೀಗರ ಹೆಸರಿಲೆ?”

ಅಕ್ಕ ಇಂಥವರ ಮೇಲೆ ಸಿಟ್ಟಾಗುತ್ತಿರಲಿಲ್ಲ. ಗಿರಾಕಿ ದಾರಿಯಲ್ಲಿ ಸಿಕ್ಕರೆ ಗುರುತು ಹಿಡಿಯಬಾರದು ಎಂಬುದು ಅವರ ನಿಯಮ. ಹಿಂದಿನ ದಿನವಷ್ಟೇ ಅಕ್ಕನಿಂದ ಮಂಚಕ್ಕೆಲ್ಲ ಔಷಧಿ ಹೊಡೆಸಿದ್ದ ಹೆಂಗಸೊಬ್ಬರು ತರಕಾರಿ ಗಾಡಿಯ ಹತ್ತಿರ ಅವರನ್ನೇ ಕೇಳಿದರು: “ನೀವು ಇಲ್ಲೇ ಇರೋದಾ? ಎಂದೂ ನೋಡಿಲ್ಲವಲ್ಲ.”

“ಹೊಸದಾಗಿ ಬಂದೀನ್ರಿ,” ಅಂದರು ಅಕ್ಕ. ಅಲ್ಲಿ ಅಂಗಡಿ ಇಟ್ಟು ಹನ್ನೆರಡು ವರ್ಷವಾಗಿತ್ತು.

ಮೂರು ಸ್ಟಾರ್

ನಾಚಿಕೆಯಿಲ್ಲದವರು ಯಾರು ಎಂದು ಯೋಚಿಸಿ ಸಾಫ್ಟ್‌ವೇರ್ ಹುಡುಗರ ಪಿ.ಜಿ.ಗಳಿಗೆ ಅಕ್ಕನನ್ನು ಕಳಿಸಿದೆ. ಅಲ್ಲಿ ತಿಗಣೆ ಬಾಡಿಗೆಯಲ್ಲೇ ಸೇರಿರುತ್ತದೆ. ಟೀಮ್ ಲೀಡರ್ ಒಬ್ಬ ಸಂತೋಷದಿಂದ ಬರೆದ: ‘ಒಂದೂ ಉಳಿದಿಲ್ಲ. ಎಲ್ಲ ಸತ್ತಿವೆ. ಮೂರು ಸ್ಟಾರ್.’

ಯಾಕಪ್ಪಾ ಎಂದರೆ, ಅವನ ಕಂಪನಿಯಲ್ಲಿ ಕೆಲಸಕ್ಕೆ ಅಂಕ ಹಾಕುವ ಅಪ್ರೈಸಲ್‌ನಲ್ಲಿ ಯಾರಿಗೂ ಐದು ಕೊಡುವ ಪದ್ಧತಿಯಿಲ್ಲವಂತೆ. “ಐದು ಕೊಟ್ಟರೆ ಮುಂದಿನ ವರ್ಷ ಸುಧಾರಿಸೋಕೆ ಜಾಗ ಎಲ್ಲಿರುತ್ತೆ, ಆಂಟಿ?”

ಅಕ್ಕ ಪಂಪು ಕೆಳಗಿಟ್ಟು ಕೇಳಿದರು: “ಸತ್ತ ತಗಣಿ ಮುಂದಿನ ವರ್ಷ ಇನ್ನೂ ಚಲೋ ಹೆಂಗ ಸಾಯ್ತೈತೋ ಮಾರಾಯಾ?”

ಮೇಲಿನ ಮನೆ, ಕೆಳಗಿನ ಮನೆ

ಗಿರಾಕಿಗಳಿಂದ ರಿವ್ಯೂ ಕೇಳಿ ಇಂಗ್ಲಿಷಿನಲ್ಲಿ ನಾನು ಬರೆದುಕೊಟ್ಟ ಮನವಿಗಳಿಗೆ ಒಂದು ಉತ್ತರವೂ ಬರಲಿಲ್ಲ. ಒಂದು ದಿನ ಅಕ್ಕ ತಮ್ಮದೇ ಒಂದು ಮಾತು ಶುರು ಮಾಡಿದರು. ಕೆಲಸ ಮುಗಿಸಿ ಪಂಪು ಒರೆಸುತ್ತ ಹೇಳುವುದು: “ನಿಮ್ಮ ಮನಿ ಸುದ್ದಿ ಬರೀಬ್ಯಾಡ್ರಿ. ಅವು ಎಲ್ಲಿಂದ ಬಂದಿದ್ವು, ಅಷ್ಟ ಬರೀರಿ.”

ಮರುದಿನ ಹಳೆಯ ಕಟ್ಟಡವೊಂದರ ಕೆಳಗಿನ ಮನೆಯವರು ಬರೆದರು: ‘ನಮ್ಮದು ಸ್ವಚ್ಛವಾದ ಮನೆ. ಮೇಲಿನವರ ಅಡುಗೆಮನೆಯಿಂದ ಪೈಪಿನಲ್ಲಿ ಇಳಿದವು. ಉತ್ತಮ ಸೇವೆ. ಐದು ಸ್ಟಾರ್.’ ಸಂಜೆಯೊಳಗೆ ಮೇಲಿನವರು: ‘ಜಿರಳೆ ಮೇಲಕ್ಕೆ ಹತ್ತುತ್ತದೆ ಎಂಬುದು ಕೆಳಗಿನವರಿಗೆ ಗೊತ್ತಿಲ್ಲವೆ? ಉತ್ತಮ ಸೇವೆ. ಐದು ಸ್ಟಾರ್.’ ಎದುರುಮನೆಯವರು ಎರಡೂ ಮನೆಯ ಮೇಲೆ ದೂರಿದರು. ಐದು ಸ್ಟಾರ್.

ಜಗಳ ಬೀದಿಯಿಂದ ಬೀದಿಗೆ ಹಬ್ಬಿತು. ವಂಶ, ಸಂಸ್ಕಾರ, ತೊಳೆಯದ ಪಾತ್ರೆ, ಎಲ್ಲ ಹೊರಬಂತು. ಸ್ಟಾರ್ ಮಾತ್ರ ಒಬ್ಬರೂ ಕಡಿಮೆ ಮಾಡಲಿಲ್ಲ. ಮಾರ್ಕೆಟಿಂಗ್ ಓದಿದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಮನುಷ್ಯನನ್ನು ಇಷ್ಟು ಸರಿಯಾಗಿ ಓದಿದವರನ್ನು ನೋಡಿರಲಿಲ್ಲ.

ಸಭೆ

ಸಭೆಯ ದಿನ ರಿವ್ಯೂ ನಲವತ್ತೊಂದಕ್ಕೆ ನಿಂತಿತ್ತು. ಫೋನು ತೋರಿಸಲು ನಾನೂ ಜೊತೆಗೆ ಹೋದೆ.

ಕಾರ್ಯದರ್ಶಿ ಶಿಸ್ತಿನ ಮನುಷ್ಯ. “ಐವತ್ತಿಲ್ಲ. ಮೇಲಾಗಿ ನಮ್ಮದು ಹೊಸ ಕಟ್ಟಡ, ಇಲ್ಲಿ ಹುಳ ಹುಪ್ಪಟೆ ಏನೂ ಇಲ್ಲ, ಇದೆಲ್ಲ ಬರೀ ಮುನ್ನೆಚ್ಚರಿಕೆ. ಇವರಿಂದ ಕೆಲಸ ಮಾಡಿಸಿದವರು ಇಲ್ಲಿ ಯಾರಾದರೂ ಇದ್ದೀರಾ?”

ಸಭೆ ಸೀಲಿಂಗ್ ನೋಡಿತು.

“ನಡೆಯಿರಿ ಅಕ್ಕ,” ಎಂದು ನಾನು ಎದ್ದೆ. ಅಕ್ಕ ಏಳಲಿಲ್ಲ. ತೆಲುಗಿನಲ್ಲೇ ಮಾತಾಡಿದರು. ಅವರ ತೆಲುಗಿಗೂ ರಾಯಚೂರಿನದೇ ಧಾಟಿ.

“ಯಾರೂ ಇಲ್ಲೇನ್ರಿ? ಚಲೋ ಆತು. ಗ್ಯಾರಂಟಿದು ಎರಡನೇ ಸಲ ಪುಕ್ಕಟೆ ಹೊಡಿಯೂದು ಈ ವಾರ ಇತ್ತು. ಯಾರೂ ಇಲ್ಲಂದ್ರ ನನಗ ಅಷ್ಟೂ ಔಷಧಿ ಉಳೀತು.”

ಆಮೇಲೆ ಮುಂದಿನ ಸಾಲಿನಲ್ಲಿ ಒಂದು ಕೈ ನಿಧಾನವಾಗಿ ಮೇಲಕ್ಕೆ ಬಂತು. ಅದನ್ನು ನೋಡಿ ಹಿಂದೆ ಇನ್ನೊಂದು. ನೋಡನೋಡುತ್ತ ಅರ್ಧ ಸಭೆಯೇ ಕೈಯೆತ್ತಿತ್ತು. ಹಿಂದಿನ ಗೇಟಿನಿಂದ ಅಕ್ಕನನ್ನು ಕರೆಸಿಕೊಂಡವರು ತಾವೊಬ್ಬರೇ ಎಂದು ಒಬ್ಬೊಬ್ಬರೂ ನಂಬಿದ್ದರು. ಈಗ ಒಬ್ಬರ ಮುಖ ಒಬ್ಬರು ನೋಡಿದರು.

ಕಾರ್ಯದರ್ಶಿ ಎಣಿಸಲಿಲ್ಲ. “ಕೈಗಳನ್ನೂ ರಿವ್ಯೂ ಎಂದೇ ಹಿಡಿಯೋಣ,” ಎಂದು ನೆಲ ನೋಡುತ್ತ ಹೇಳಿ ಗುತ್ತಿಗೆಗೆ ಸಹಿ ಹಾಕಿದರು. ಮೊದಲು ಎದ್ದ ಕೈ ಅವರ ಹೆಂಡತಿಯದು.

ಅಕ್ಕ ಆಕೆಯ ಹತ್ತಿರ ಹೋಗಿ, ಜೀವಮಾನದಲ್ಲೇ ಕಂಡಿಲ್ಲದವರಂತೆ ಕೈಮುಗಿದು ಕೇಳಿದರು: “ನಿಮ್ದು ಯಾವ ಫ್ಲ್ಯಾಟ್ರಿ ಮೇಡಂ?”