ಪಡುವಣ ಬಿಸಿಲಿನ ಬಂಗಲೆ

ಕಾಫಿ ತೋಟದವರು ಕಡಲ ದಡದಲ್ಲಿ ಮನೆ ಕಟ್ಟಲು ಹೊರಟರೆ ಇಂಥದ್ದೆಲ್ಲ ಆಗುತ್ತಲೇ ಇರುತ್ತದೆ. ಒಂದು ಎಡವಟ್ಟು ಮುಗಿಯಿತು ಎಂದು ಉಸಿರು ಬಿಡುವಷ್ಟರಲ್ಲಿ ಇನ್ನೊಂದು ಘಟ್ಟದ ಕಡೆಯ ಸಂಪಾಜೆಯ ಬಸ್ಸಿನಿಂದ ಇಳಿದು ಬರುತ್ತದೆ. ನಾನು ಇದರಲ್ಲಿ ಸಿಕ್ಕಿಕೊಂಡದ್ದು ಬಿ.ಎಸ್ಸಿ. ಪಾಸಾದ ಕಾರಣಕ್ಕೆ. ಬೇರೆ ತಪ್ಪು ಮಾಡಿರಲಿಲ್ಲ.

೧. ಸೂರ್ಯನನ್ನು ಹುಡುಕಿದ್ದು

ಚೆಟ್ಟಳ್ಳಿ ಕಡೆಯ ಒಂದು ಎಸ್ಟೇಟಿನಲ್ಲಿ ನನಗೆ ನರ್ಸರಿಯ ಕೆಲಸ. ಕಾಫಿ ಸಸಿ ಎಬ್ಬಿಸುವುದು, ಅವಕ್ಕೆ ನೆರಳು ನೋಡುವುದು. ಮಾತು ಕಡಿಮೆ ಇರುವವರಿಗೆ ಹೇಳಿ ಮಾಡಿಸಿದ ಕೆಲಸ. ಸಸಿಗಳು ಏನನ್ನೂ ಕೇಳುವುದಿಲ್ಲ. ನಮ್ಮ ಸಾಹುಕಾರರು ಮಾತ್ರ ದಿನಾ ಬೆಳಿಗ್ಗೆ ಆಳುಗಳ ಹಾಜರಿ ಹೊತ್ತಿಗೆ ಬಂದು ಒಂದೇ ಮಾತು ಕೂಗುತ್ತಿದ್ದರು: "ಎಳೆಗಿಡಕ್ಕೆ ಪಡುವಣ ಬಿಸಿಲು ಬಿತ್ತೋ, ಗಿಡವೂ ಹೋಯ್ತು, ನಿಮ್ಮ ಕೆಲಸವೂ ಹೋಯ್ತು!"

ಅದೇ ಸಾಹುಕಾರರು ಒಮ್ಮೆ ಬೊಂಬಾಯಿಗೆ ಹೋಗಿ, ಯಾರದೋ ಕಡಲ ಬಂಗಲೆಯಲ್ಲಿ ಉಳಿದು ಬಂದರು. ಬರುವಾಗ ಪಡುವಣ ಬಿಸಿಲಿನ ಹುಚ್ಚು ಹಿಡಿಸಿಕೊಂಡು ಬಂದರು.

"ಸಂಜೆ ಆಯ್ತೂಂದ್ರೆ ಇಡೀ ಕೋಣೆ ಜೇನುತುಪ್ಪದ ಬಣ್ಣ ಕಣಯ್ಯಾ. ಕೈಯಲ್ಲಿರುವ ಕಾಫಿ ಕಪ್ಪು ಕೂಡ. ನಾನೂ ಅಂಥದ್ದು ಕಟ್ಟಿಸ್ತೇನೆ. ದೊಡ್ಡ ದೊಡ್ಡವರು ಬಂದು ಉಳೀಬೇಕು. ಮಂಗಳೂರಿನ ಆಚೆ ಜಾಗ ಹಿಡಿದಾಯ್ತು."

"ಅಷ್ಟು ದೂರವಾ ಸಾರ್?"

"ಎಂಥ ದೂರ? ನಾವು ಮೈಸೂರು ರಾಜ್ಯಕ್ಕೆ ಸೇರಿದೆವು, ಮಂಗಳೂರೂ ಸೇರಿತು. ಈಗ ಕಡಲೂ ನಮ್ಮದೇ."

ಬೆಳಕಿನ ಉಸ್ತುವಾರಿ ನನ್ನದು ಎಂದರು. ನಾನು ಓದಿದ್ದು ರಸಾಯನಶಾಸ್ತ್ರ ಎಂದೆ. "ಬಿಸಿಲೂ ಸೈನ್ಸೇ ತಾನೇ?" ಎಂದರು. ಮೊದಲ ಅತಿಥಿಗಳು ಬಂದು, ಕೂತು, ಮೆಚ್ಚಿದ ಮಾರನೇ ದಿನ ನಾನು ನರ್ಸರಿಗೆ ವಾಪಸ್ ಎಂದು ಮಾತಾಯಿತು. ಅಲ್ಲಿಯವರೆಗೆ ನನ್ನ ಸಸಿಗಳು ಬೇರೆಯವರ ಕೈಯಲ್ಲಿ.

ಘಟ್ಟ ಇಳಿಯುವ ಮುಂಚೆ ಎಸ್ಟೇಟ್ ಬಂಗಲೆಯ ಜಗಲಿಯಲ್ಲೇ ಪರೀಕ್ಷೆ ಮಾಡಬೇಕೆಂದು ಅಪ್ಪಣೆಯಾಯಿತು. ಹಲಗೆಗಳಿಗೆ ಬೇರೆ ಬೇರೆ ಬಣ್ಣ ಬಳಿದು ಸಾಲಾಗಿ ನಿಲ್ಲಿಸಿದೆ. ಯಾವ ಬಣ್ಣದ ಗೋಡೆಯ ಮೇಲೆ ಸಂಜೆ ಬಿಸಿಲು ಹೇಗೆ ಕಾಣುತ್ತದೆ ಎಂದು ನೋಡಿ ಹೇಳಬೇಕು. ಆಗ ಕಕ್ಕಡ ಮಾಸ, ನಡು ಮಳೆಗಾಲ. ಮಳೆ ಹಿಡಿದರೆ ಬಿಡುವ ಕಾಲವಲ್ಲ. ನಾನು ದಿನಾ ಸಂಜೆ ಕೊಡೆ ಹಿಡಿದು ಹಲಗೆಗಳ ಮುಂದೆ ನಿಲ್ಲುತ್ತಿದ್ದೆ. ಆಮೇಲೆ ಹೋಗಿ, "ಇವತ್ತೂ ಸೂರ್ಯ ಕಾಣಲಿಲ್ಲ ಸಾರ್" ಎನ್ನುತ್ತಿದ್ದೆ.

ತಿಂಗಳು ಮುಗಿಯುತ್ತ ಬಂದಾಗ ಸಾಹುಕಾರರಿಗೆ ನನ್ನ ಮೇಲೇ ಅನುಮಾನ ಬಂತು.

"ನೀನು ಸರಿಯಾಗಿ ಹುಡುಕಿದೆಯಾ?"

೨. ನಾಲ್ಕು ಕಿಟಕಿ

ಮಳೆ ನಿಂತ ಮೇಲೆ ಕಟ್ಟಡ ಶುರುವಾಯಿತು. ಮನೆ ಕಟ್ಟುವ ಮೇಸ್ತ್ರಿ ಸಂಪಾಜೆಯವರು. ವಯಸ್ಸಾದವರು, ಕೆಲಸ ಬಲು ಅಚ್ಚುಕಟ್ಟು. ಪಶ್ಚಿಮದ ಗೋಡೆಗೆ ನಾಲ್ಕು ದೊಡ್ಡ ಕಿಟಕಿ ಎಂದು ನೆಲದ ಮೇಲೆ ಗೆರೆ ಎಳೆದು ತೋರಿಸಿದೆ. ಅವರು ತಲೆಯಾಡಿಸಿದರು. ನಾನು ಹಂಚು ಆರಿಸಲು ಮಂಗಳೂರಿಗೆ ಹೋದೆ. ಅಲ್ಲಿ ಜ್ವರ ಬಂದು ಮಲಗಿದೆ.

ಎದ್ದು ಬಂದು ನೋಡಿದರೆ ಗೋಡೆ ಎದ್ದು ನಿಂತಿತ್ತು. ಕಡಲ ಕಡೆಗೆ ಒಂದು ತೂತೂ ಇಲ್ಲ. ನಾಲ್ಕು ಕಿಟಕಿಯೂ ಪೂರ್ವಕ್ಕೆ, ಒಳ್ಳೆ ತೇಗದ ಚೌಕಟ್ಟಿನೊಂದಿಗೆ, ರಸ್ತೆ ನೋಡುತ್ತಿದ್ದವು.

"ಏನು ಮೇಸ್ತ್ರಿಗಳೇ ಇದು?"

"ಪಡುವಕ್ಕೆ ಬಾಯಿ ತೆರೆದು ಯಾರಾದ್ರೂ ಮನೆ ಕಟ್ತಾರಾ? ಮಳೆ ಬರೋದೇ ಆ ಕಡೆಯಿಂದ. ನೀವು ಜ್ವರದಲ್ಲಿ ಹೇಳಿದ್ರಿ ಅಂತ ಗ್ರಹಿಸಿದೆ."

"ಜ್ವರ ಆಮೇಲೆ ಬಂದದ್ದು."

"ಒಳಗೆ ಮೊದಲೇ ಇರ್ತದೆ."

ಸಂಜೆ ಸೂರ್ಯನನ್ನು ನೋಡಲಿಕ್ಕೆಂದೇ ಈ ಮನೆ ಎಂದು ಮತ್ತೆ ವಿವರಿಸಿದೆ. ಅವರು ಸುಣ್ಣದ ಕೈ ತೊಳೆದುಕೊಂಡು, ತೀರಾ ಸಣ್ಣ ಮಗುವಿಗೆ ಹೇಳುವ ಹಾಗೆ ಹೇಳಿದರು:

"ಬೆಳಿಗ್ಗೆ ಪೂರ್ವದಲ್ಲಿ ಬರೋದೂ ಅದೇ ಸೂರ್ಯ ಅಲ್ವಾ? ಸಾಹುಕಾರರು ಸ್ವಲ್ಪ ಬೇಗ ಎದ್ದು ನೋಡ್ಲಿ."

ಗೋಡೆ ಒಡೆಸಿದೆವು. ಒಡೆಯುವ ದಿನ ಅವರು ಊಟ ಮಾಡಲಿಲ್ಲ. ನಾನೂ ಮಾಡಲಿಲ್ಲ. ನನಗೆ ಮತ್ತೆ ಜ್ವರ ಬಂದಿತ್ತು.

೩. ಅಕ್ಕನವರು

ಅಂತೂ ಬಂಗಲೆ ನಿಂತಿತು. ಮೆತ್ತನೆಯ ಹಾಸಿಗೆ ಬೊಂಬಾಯಿಯಿಂದ ಬಂತು. ಬೆತ್ತದ ಆರಾಮ ಕುರ್ಚಿ, ಸ್ನಾನದ ಕೋಣೆಗೆ ಬಿಳಿ ಪಿಂಗಾಣಿ ತೊಟ್ಟಿ, ಎಲ್ಲ ಬಂದವು. ಗೋಡೆಗೆ ಹದವಾದ ಕೆನೆ ಬಣ್ಣ ಬಳಿಸಿದೆ. ಸಂಜೆ ಬಿಸಿಲು ಒಳಗೆ ಬಂದಾಗ ಕೋಣೆ ನಿಜಕ್ಕೂ ಜೇನುತುಪ್ಪದಂತೆ ಆಗುತ್ತಿತ್ತು. ಅದನ್ನು ನೋಡಿದವರು ನಾನು ಮತ್ತು ಸುಣ್ಣ ಬಳಿಯುವವನು. ಅವನು ಕಣ್ಣಿಗೆ ಹೊಡೆಯುತ್ತದೆ ಎಂದು ಬೆನ್ನು ಹಾಕಿ ಕೆಲಸ ಮಾಡಿದ.

ಸಾಹುಕಾರರು ಮೊದಲು ಮನೆಯವರನ್ನು ಕರೆತಂದರು. ಜೊತೆಗೆ ಕಕ್ಕಬೆಯಿಂದ ಅವರ ಅಕ್ಕ. ಮನೆಯಲ್ಲಿ ಸಾಹುಕಾರರು ಹೆದರುವುದು ಅವರೊಬ್ಬರಿಗೆ. ಸಂಜೆ ಎಲ್ಲರೂ ಜಗಲಿಯಲ್ಲಿ ಕೂತರು. ಕಾಫಿ ಬಂತು. ಬಿಸಿಲು ಬಣ್ಣ ತಿರುಗುವ ಹೊತ್ತಿಗೆ ಅಕ್ಕನವರು ಎದ್ದರು.

"ದೀಪ ಹಚ್ಚುವ ಹೊತ್ತು. ಹೊಸ್ತಿಲಾಚೆ ಕಾಲು ಚಾಚಿ ಕೂರ್ತಾರಾ? ಏಳಿ, ಒಳಗೆ ಬನ್ನಿ."

"ಅಕ್ಕಾ, ಐದೇ ನಿಮಿಷ. ಇದನ್ನು ನೋಡಲಿಕ್ಕೇ ಇಷ್ಟೆಲ್ಲ ಕಟ್ಟಿಸಿದ್ದು."

"ಸೂರ್ಯ ನಾಳೆಯೂ ಮುಳುಗ್ತಾನೆ. ಓಡಿಹೋಗುದಿಲ್ಲ."

ಕಿಟಕಿ, ಬಾಗಿಲು ಎಲ್ಲ ಮುಚ್ಚಿದವು. ದೀಪ ಆರಬಾರದು, ಸೊಳ್ಳೆ ಬರಬಾರದು. ಸಾಹುಕಾರರು ದೀಪದ ಮುಂದೆ ಕೈ ಮುಗಿದು ನಿಂತು, ಮುಚ್ಚಿದ ಕಿಟಕಿಯನ್ನೇ ನೋಡುತ್ತಿದ್ದರು. ಉಳಿದ ದಿನಗಳಲ್ಲೂ ಹೀಗೇ.

ಹೊರಡುವಾಗ ನಾನು ಮೆಲ್ಲಗೆ ಕೇಳಿದೆ: "ಸಾರ್, ಇವರು ಮೊದಲ ಅತಿಥಿಗಳು ಅಂತ ಲೆಕ್ಕವಾ?"

"ಮನೆಯವರು ಅತಿಥಿಗಳಾಗ್ತಾರೇನಯ್ಯಾ?"

ಅಕ್ಕನವರು ಕಾರು ಹತ್ತುವ ಮುಂಚೆ ನನ್ನ ಭುಜ ತಟ್ಟಿದರು.

"ಮನೆ ಚೆನ್ನಾಗಿ ಕಟ್ಟಿಸಿದ್ದೀಯ ಮಗಾ. ಸಂಜೆ ಹೊತ್ತು ಮಾತ್ರ ಸ್ವಲ್ಪ ಕತ್ತಲೆ."

೪. ಅತಿಥಿಗಳು

ಕಾಫಿ ಹಣ್ಣಿನ ಪಿಕಿಂಗ್ ಮುಗಿದು, ಗಿಡದಲ್ಲಿ ಹೂ ಅರಳಿಸುವ ಹೂಮಳೆಯೂ ಬಿದ್ದ ಮೇಲೆ ನಿಜವಾದ ಅತಿಥಿಗಳು ಬರುವುದೆಂದು ನಿಶ್ಚಯವಾಯಿತು. ಎಲ್ಲರೂ ದೊಡ್ಡ ಪ್ಲಾಂಟರುಗಳು. ಜಗಲಿಯ ಮುಂದೆ ಬರೀ ಮರಳಿದ್ದರೆ ಚೆನ್ನಾಗಿರುವುದಿಲ್ಲ ಎಂದು ಸಾಹುಕಾರರು ಲಾರಿಯಲ್ಲಿ ಕ್ರೋಟನ್ ಮತ್ತು ದಾಸವಾಳದ ಸಸಿ ಕಳಿಸಿದರು. ಅವುಗಳ ಜೊತೆ ನಮ್ಮ ನರ್ಸರಿಯ ಮೇಸ್ತ್ರಿಯೂ, ನಾಲ್ಕಾರು ಆಳುಗಳೂ ಇಳಿದರು. ಪರಿಚಿತ ಮುಖ ಕಂಡು ನನಗೆ ಕಣ್ಣು ತುಂಬಿತು. "ಸಸಿ ಜೋಪಾನ" ಎಂದಷ್ಟೇ ಹೇಳಿ, ಮೀನು, ಮೊಟ್ಟೆ, ಐಸು ತರಲು ಪೇಟೆಗೆ ಹೋದೆ.

ಮಧ್ಯಾಹ್ನ ಕಳೆದು ವಾಪಸು ಬಂದು, ಸುತ್ತಿ ಕಡಲ ಬದಿಗೆ ಹೋದೆ. ಬಂಗಲೆ ಕಾಣಲಿಲ್ಲ.

ಜಗಲಿಯ ಮುಂದೆ ಉದ್ದಕ್ಕೂ ಬಿದಿರಿನ ಚಪ್ಪರ. ಮೇಲೆ ತೆಂಗಿನ ಗರಿ ಹೊದಿಸಿದ್ದಾರೆ. ಪಡುವಣ ಬದಿಗೆ ಮೇಲಿನಿಂದ ನೆಲದವರೆಗೆ ಹೆಣೆದ ತಟ್ಟಿ. ಜಗಲಿಯಿಂದ ನೋಡಿದರೆ ಕಡಲೂ ಇಲ್ಲ, ಆಕಾಶವೂ ಇಲ್ಲ. ಒಳಗೆ ಕ್ರೋಟನ್ನುಗಳು ತಂಪಾಗಿ ನಿಂತಿವೆ.

"ಮೇಸ್ತ್ರೀ!"

"ನೀವು ಗಾಬರಿ ಬೀಳಬೇಡಿ ಸಾರ್. ಬಂದು ನೋಡ್ತೇನೆ, ಎಳೆಗಿಡಕ್ಕೆ ನೇರ ಪಡುವಣ ಬಿಸಿಲು! ನಿಮ್ಮ ಕೆಲಸ ಹೋಗ್ತಿತ್ತು. ನಾನಿದ್ದೆ, ಉಳಿಸಿದೆ."

ತಟ್ಟಿಯ ಮೊದಲ ಗಂಟಿಗೆ ಕೈ ಹಾಕಿದೆ. ನರ್ಸರಿಯ ಗಂಟು, ನಾನೇ ಕಲಿಸಿದ್ದು. ಬಿಚ್ಚಿಕೊಳ್ಳಲಿಲ್ಲ. ಅಷ್ಟರಲ್ಲಿ ಕಾರುಗಳು ಬಂದವು.

ಸಾಹುಕಾರರು ಇಳಿದು ಜಗಲಿಗೆ ಬಂದು, ಚಪ್ಪರ ನೋಡಿ, ನನ್ನನ್ನು ನೋಡಿದರು. ಮುಖ ಕೆಂಪಾಯಿತು. ಬಾಯಿ ತೆರೆದರು. ನನ್ನ ನರ್ಸರಿ ಘಟ್ಟದ ಮೇಲೆ ಇನ್ನೂ ದೂರ ಸರಿಯಿತು.

ಅವರಿಗಿಂತ ಮೊದಲು ಅತಿಥಿಗಳಲ್ಲಿ ಹಿರಿಯರೊಬ್ಬರ ದನಿ ಬಂತು.

"ಆಹಾ! ಇದು ಚಪ್ಪರ ಅಂದ್ರೆ!"

ಎಲ್ಲರೂ ಒಳಗೆ ನುಗ್ಗಿದರು. ಒಬ್ಬರು ತಟ್ಟಿಯ ಸಂದಿಗೆ ಕಣ್ಣಿಟ್ಟರು. "ಪಡುವಣ ಬಿಸಿಲು ಒಂದು ಚುಕ್ಕಿ ಬೀಳುದಿಲ್ಲ ನೋಡಿ! ನನ್ನ ಎಸ್ಟೇಟಲ್ಲಿ ಹೇಳಿ ಹೇಳಿ ಸಾಕಾಯ್ತು." ಇನ್ನೊಬ್ಬರು ಬಿದಿರು ಅಲ್ಲಾಡಿಸಿ ನೋಡಿ ತೃಪ್ತರಾದರು. ಕುರ್ಚಿಗಳು ಚಪ್ಪರದ ಕೆಳಗೆ ಬಂದವು. ಕಾಫಿ ಬಂತು. ನೆರಳಿಗೆ ಸಿಲ್ವರ್ ಓಕ್ ಒಳ್ಳೆಯದೋ ಹಾಲುವಾಣ ಒಳ್ಳೆಯದೋ ಎಂದು ಜೋರು ಚರ್ಚೆ ಎದ್ದಿತು. ತಟ್ಟಿಯಾಚೆ ಸೂರ್ಯ ತನ್ನ ಪಾಡಿಗೆ ಇಳಿಯುತ್ತಿದ್ದ.

"ಇದನ್ನು ಮಾಡಿಸಿದ್ದು ಯಾರು?" ಹಿರಿಯರು ಕೇಳಿದರು.

ಸಾಹುಕಾರರು ತಟ್ಟಿಯತ್ತ ಒಮ್ಮೆ ನೋಡಿ, "ನಮ್ಮ ಬಿ.ಎಸ್ಸಿ." ಎಂದರು.

"ಇಂಥವನನ್ನು ಮರಳಲ್ಲಿ ಕೂರಿಸಿದ್ದೀರಲ್ಲ ಮಾರಾಯ್ರೇ! ನರ್ಸರಿಗೆ ಕಳಿಸಿ. ಇಲ್ಲಾಂದ್ರೆ ನನಗೆ ಕೊಡಿ, ನಾನು ಕರ್ಕೊಂಡು ಹೋಗ್ತೇನೆ."

ಸಾಹುಕಾರರು ನನ್ನ ಕಡೆ ತಿರುಗದೆ ಹೇಳಿದರು: "ನಾಳೆ ಬೆಳಿಗ್ಗೆಯ ಬಸ್ಸಿಗೆ ಹೊರಡು."

ನಾನು ಕಾಫಿ ಕಪ್ಪು ಹಿಡಿದು ತಟ್ಟಿಯನ್ನು ಸುತ್ತು ಹಾಕಿ ಆಚೆ ಹೋದೆ. ಮರಳು, ಕಡಲು, ನನ್ನ ಕೈ ಎಲ್ಲ ಜೇನುತುಪ್ಪದ ಬಣ್ಣಕ್ಕೆ ತಿರುಗಿದ್ದವು. ಕಪ್ಪು ಕೂಡ. ಅಲ್ಲಿ ನಾನೊಬ್ಬನೇ ಇದ್ದೆ. ಒಂದು ಗುಟುಕು ಕುಡಿದೆ.

ಹಿಂದಿನಿಂದ ಮೇಸ್ತ್ರಿ ಓಡಿ ಬಂದ. ಕೈಯಲ್ಲಿ ಒಂದು ತೆಂಗಿನ ಗರಿ. ಅದನ್ನು ನನ್ನ ತಲೆಯ ಪಡುವಣ ಬದಿಗೆ ಹಿಡಿದು ನಿಂತ.

"ಏನು ಸಾರ್ ನೀವು, ಇಷ್ಟು ಓದಿದವರು. ನೆರಳಿಗೆ ಬನ್ನಿ."