ಊಟ ಬಿಟ್ಟು ಏಳದ ಧಾರಾವಾಹಿ

ಟಿವಿಯಲ್ಲಿ ಏನು ನೋಡಬೇಕು, ಏನು ಬಿಡಬೇಕು ಎಂಬುದನ್ನು ನೀವು ಪತ್ರಿಕೆ ಓದಿ ತೀರ್ಮಾನಿಸುತ್ತೀರಿ ಅಂದರೆ, ನಮ್ಮ ದೊಡ್ಡವ್ವ ನಿಮಗೆ ಇನ್ನೂ ಸಿಕ್ಕಿಲ್ಲ ಎಂದೇ ಅರ್ಥ. ತಿಳವಳ್ಳಿಯ ಪಡಸಾಲೆಯಲ್ಲಿ ಕೂತು ಅವಳು ಹೊರಡಿಸುವ ಅಪ್ಪಣೆಯನ್ನು ಹಾನಗಲ್ಲಿನಿಂದ ಹಿರೇಕೆರೂರಿನವರೆಗೂ ನಮ್ಮ ಬಳಗದವರು ಪಾಲಿಸುತ್ತಾರೆ. ಮೆಚ್ಚಿದ್ದಕ್ಕೆ "ನೋಡೂ ಹಂಗೈತಿ" ಅನ್ನುತ್ತಾಳೆ, ಮೆಚ್ಚದ್ದಕ್ಕೆ "ಬಂದ್ ಮಾಡು". ಎರಡೇ ತೀರ್ಪು, ಮೇಲ್ಮನವಿ ಇಲ್ಲ!

ಬಳಗದವರಿಗಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಒಮ್ಮೆ ಹಾನಗಲ್ಲಿನ ಬಸ್ಸಿನಲ್ಲಿ ಟಿಕೆಟ್ ಕೇಳಲು ಬಂದ ಕಂಡಕ್ಟರನನ್ನೇ ಹಿಡಿದು ನಿಲ್ಲಿಸಿ, ನಿನ್ನ ಹೆಂಡತಿ ಸಂಜೆ ಯಾವುದು ನೋಡುತ್ತಾಳೆ ಎಂದು ವಿಚಾರಿಸಿದಳು. ಆ ಪುಣ್ಯಾತ್ಮ ಯಾವುದೋ ಹೆಸರು ಹೇಳಿದ. ಬಂದ್ ಮಾಡಿಸು ಎಂದಳು. ಮುಂದಿನ ಸಲ ಅದೇ ಬಸ್ಸು ಹತ್ತಿದಾಗ ಅವನೇ ಎದುರಿಗೆ ಬಂದು ಕೈ ಮುಗಿದ. "ಟಿವಿ ಬಂದ್ ಮಾಡಂದೆ ಯವ್ವಾ, ಮನ್ಯಾಗ ನನ್ನ ಊಟಾನೇ ಬಂದ್ ಆತು" ಎಂದ.

ನನಗೆ ಕುತೂಹಲ ಅಂದರೆ ಅವಳ ಮಾನದಂಡದ್ದು. ಸಂತರೊಬ್ಬರ ಜೀವನದ ಧಾರಾವಾಹಿ ಬಂತು, ಬಂದ್! ಅತ್ತೆಯೇ ಸೊಸೆಗೆ ವಿಷ ಹಾಕುವ ಧಾರಾವಾಹಿ ಬಂತು, ನೋಡೂ ಹಂಗೈತಿ! ಇದ್ಯಾವ ನ್ಯಾಯ? ಶಿಗ್ಗಾವಿಯ ಕಾಲೇಜಿನಲ್ಲಿ ಪಾಠ ಮಾಡುವ ನನ್ನ ತಂಗಿ, ಎಲ್ಲರೂ ಹೊಗಳಿದ ಒಂದು ಧಾರಾವಾಹಿಯ ಕಥೆ, ಅಭಿನಯ, ಕ್ಯಾಮೆರಾ ಎಲ್ಲವನ್ನೂ ಅರ್ಧ ಗಂಟೆ ವಿವರಿಸಿದಳು. ದೊಡ್ಡವ್ವ ಶಾಂತವಾಗಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದಳು.

"ಅದರಾಗ ಊಟಾ ಮುಗಸ್ತಾರೇನ?"

ಆಗಲೇ ಗುಟ್ಟು ರಟ್ಟಾದದ್ದು. ನೀವೂ ಗಮನಿಸಿರಬೇಕು. ಧಾರಾವಾಹಿಗಳಲ್ಲಿ ಮೇಜಿನ ತುಂಬ ಬಗೆಬಗೆಯ ಅಡುಗೆ ಇರುತ್ತದೆ. ಒಬ್ಬರು ಒಂದು ಮಾತು ಅನ್ನುತ್ತಾರೆ, ಇನ್ನೊಬ್ಬರು ಕುರ್ಚಿ ಹಿಂದೆ ಸರಿಸಿ ಎದ್ದು ಹೋಗುತ್ತಾರೆ. ಎಲ್ಲರ ಮುಖಕ್ಕೂ ಮೂರು ಮೂರು ಸಲ ಕ್ಯಾಮೆರಾ ಹಿಡಿಯುತ್ತಾರೆ, ಅನ್ನದ ಗತಿ ಏನಾಯಿತೆಂದು ಯಾರೂ ಕೇಳುವುದಿಲ್ಲ. ದೊಡ್ಡವ್ವ ಮಾತ್ರ ಟಿವಿಯ ಮುಂದೆ ಅರ್ಧ ಎದ್ದು ನಿಂತು, "ಉಂಡರ ಹೋಗಪಾ" ಎಂದು ಆ ನಾಯಕನನ್ನು ಬೇಡಿಕೊಳ್ಳುತ್ತಾಳೆ. ಅವನು ಕೇಳದಿದ್ದರೆ ಆ ಧಾರಾವಾಹಿ ಅವತ್ತಿಗೇ ಬಂದ್. ಹಾಗಾದರೆ ವಿಷ ಹಾಕುವುದು ಹೇಗೆ ಪಾಸಾಯಿತು ಅಂದೆ. ಆ ಹುಡುಗಿ ವಿಷದ ಪಾಯಸವನ್ನೂ ಪೂರ್ತಿ ಕುಡಿದಳಂತೆ, ತಾಟು ಬಿಟ್ಟು ಏಳಲಿಲ್ಲವಂತೆ. ಅದಕ್ಕೇ ಅವಳಿಗೆ ಏನೂ ಆಗಲಿಲ್ಲವಂತೆ!

ಇಂಥ ಪರೀಕ್ಷೆ ಎಲ್ಲಿಂದ ಹುಟ್ಟಿತು ಎಂದು ಕೇಳಿದರೆ ಅವಳು ಹಿತ್ತಲಿನಲ್ಲಿ ಏನೋ ಕೆಲಸ ನೆನಪಾದಂತೆ ಎದ್ದು ಹೋದಳು. ದೊಡ್ಡಪ್ಪ ಸವಣೂರಿನ ಎಲೆಗೆ ಸುಣ್ಣ ಹಚ್ಚುತ್ತ ದನಿ ತಗ್ಗಿಸಿ ಹೇಳಿದ. ಹಂಸಭಾವಿಯ ನಮ್ಮ ಸೋದರಮಾವ ಪ್ರತಿ ವರ್ಷ ನಾಗರ ಪಂಚಮಿಗೆ ಅಕ್ಕನನ್ನು, ಅಂದರೆ ದೊಡ್ಡವ್ವನನ್ನು, ತವರಿಗೆ ಕರೆಯಲು ತಾನೇ ಬರುತ್ತಿದ್ದ. ಅಕ್ಕನಿಗೆ ಮೊಮ್ಮಕ್ಕಳಾದ ಮೇಲೂ ತಪ್ಪಿಸಿದವನಲ್ಲ. ಒಂದು ವರ್ಷ ಹೀಗೆ ಬಂದವನು ಉಣ್ಣಲು ಕೂತು, ಕಣ್ಣು ಪೂರ್ತಿ ಟಿವಿಯ ಕ್ರಿಕೆಟ್ಟಿನ ಮೇಲಿಟ್ಟಿದ್ದ. ತಾಟಿನಲ್ಲಿ ರೊಟ್ಟಿ ಆರುತ್ತಿತ್ತು. ಒಲೆಯ ಮುಂದೆ ಬೆಂದಿದ್ದ ದೊಡ್ಡವ್ವ ಅಂದುಬಿಟ್ಟಳು, "ಟಿವಿ ನೋಡಾಕ ಬಂದಿಯೋ, ಕೂಳಿಗೆ ಬಂದಿಯೋ?"

ಕರೆಯಲು ಬಂದ ತಮ್ಮನಿಗೆ, ತಾಟಿನ ಮುಂದೆ, ಕೂಳು ಅನ್ನುವುದೇ? ಮಾವ ಅರ್ಧ ರೊಟ್ಟಿ ಬಿಟ್ಟು ಎದ್ದ. ಆಮೇಲೆ ಯಾವ ಪಂಚಮಿಗೂ ಬರಲಿಲ್ಲ. ಹೊಲದ ಜಗಳವಿರಬೇಕು ಎಂದು ನಾವೆಲ್ಲ ಇಷ್ಟು ದಿನ ದೊಡ್ಡದಾಗಿ ಊಹಿಸಿದ್ದೆವು!

ಮುಂದಿನ ವಾರ ಕೆಲಸವಿದ್ದು ಹಂಸಭಾವಿಗೆ ಹೋದೆ. ಮಾವನ ಮನೆಯಲ್ಲಿ ಟಿವಿ ಹಚ್ಚಿತ್ತು. ನೋಡುತ್ತೇನೆ, ಅದೇ ವಿಷದ ಧಾರಾವಾಹಿ! ಕ್ರಿಕೆಟ್ ಬಿಟ್ಟು ಬೇರೆ ನೋಡದ ಮನುಷ್ಯ ಕಣ್ಣು ಕೀಳದೆ ಕೂತಿದ್ದಾನೆ. ತಿಳವಳ್ಳಿ ಕಡೆಯವರು ಯಾರು ಬಂದರೂ ಅಕ್ಕ ಯಾವುದು ನೋಡು ಅಂದಿದ್ದಾಳೆ ಎಂದು ಕೇಳಿ ಕೇಳಿ ಅದನ್ನೇ ಹಚ್ಚುತ್ತಾನೆ ಎಂದು ಅತ್ತೆ ನಕ್ಕಳು. ಹೇಗಿದೆ ಮಾವ ಎಂದೆ.

"ತಲಿಬುಡ ತಿಳಿವಲ್ದು. ಆದ್ರ ಅಕ್ಕ ಹೇಳ್ಯಾಳ ಅಂದಮ್ಯಾಲ ಏನರ ಇರಬೇಕಲ್ಲ."

ಏನಿದೆ ಎಂದು ನಾನು ಹೇಳಿದೆ. ಅಕ್ಕ ಕಥೆ ನೋಡುವುದಿಲ್ಲ, ಉಣ್ಣಲು ಕೂತವರು ಉಂಡು ಏಳುತ್ತಾರೋ ಇಲ್ಲವೋ ಅಷ್ಟೇ ನೋಡುತ್ತಾಳೆ ಎಂದೆ. ಮಾವ ಸಾಬೂನಿನ ಜಾಹೀರಾತನ್ನು ಬಹಳ ಹೊತ್ತು ನೋಡಿದ.

ಪಂಚಮಿಗೆ ಎರಡು ದಿನ ಮುಂಚೆ ಹಬ್ಬದ ಸಿಹಿ ಉಂಡಿಯ ಆಸೆಗೆ ನಾನು ತಿಳವಳ್ಳಿಯಲ್ಲಿದ್ದೆ. ಮಧ್ಯಾಹ್ನ ಬಾಗಿಲಲ್ಲಿ ಮಾವ ನಿಂತಿದ್ದ, ಕೈಯಲ್ಲೊಂದು ಚೀಲ. ಅಕ್ಕನ ಮುಖ ನೋಡದೆ ದೊಡ್ಡಪ್ಪನಿಗೆ, ಹಬ್ಬಕ್ಕೆ ಕರೆಯಲು ಬಂದಿದ್ದೇನೆ ಎಂದ. ದೊಡ್ಡವ್ವ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ರೊಟ್ಟಿ ಬಡಿಯುವ ಸಪ್ಪಳ ಕೇಳಿತು. ಅಷ್ಟು ಜೋರಾಗಿ ಅವಳು ರೊಟ್ಟಿ ಬಡಿದದ್ದನ್ನು ನಾನು ಕೇಳಿಲ್ಲ!

ತಾಟು ಬಂತು. ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ, ಬಿಸಿ ರೊಟ್ಟಿ. ಟಿವಿಯಲ್ಲಿ ಆ ವಿಷದ ಧಾರಾವಾಹಿಯ ನಿನ್ನೆಯ ಕಂತು ಮತ್ತೆ ಬರುತ್ತಿತ್ತು. ದೊಡ್ಡವ್ವ ಅದನ್ನು ಆರಿಸಿ ತಮ್ಮನ ಎದುರಿಗೆ ಕೂತಳು. ಮಾವ ತಲೆ ಎತ್ತಿದ.

"ಯಾಕ ಬಂದ್ ಮಾಡಿದಿ ಅಕ್ಕಾ? ನೀ ನೋಡೂದ ಅಲ್ಲೇನ ಅದು?"

"ನೀ ಉಣ್ಣು. ನಾ ಇಲ್ಲೇ ನೋಡಾಕತ್ತೇನಿ."

ಅವನು ಉಂಡ. ಅವಳು ಒಂದೊಂದು ತುತ್ತನ್ನೂ ನೋಡಿದಳು. ತಾಟು ಖಾಲಿಯಾಯಿತು. ದೊಡ್ಡವ್ವ ತಾಟು ಎತ್ತಲು ಕೈ ಚಾಚಿದಳು. ಮಾವ ಅದನ್ನು ಹಿಡಿದುಕೊಂಡ.

"ತಡಿ. ಇನ್ನರ್ಧ ರೊಟ್ಟಿ ಹಾಕು. ಅವತ್ತಿಂದು ಉಳದೈತಿ."

ದೊಡ್ಡವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡು, ಇಡೀ ರೊಟ್ಟಿಯನ್ನೇ ಹಾಕಿದಳು.